ಮೂವತ್ತೆರಡು ಸಹಜ ನಡಿಗೆಗಳು

ಆದಿಲಕ್ಷ್ಮಿಯ ಮನೆಯ ಗೋಡೆಯ ಮೇಲೆ, ದೇವರ ಪಟದ ಪಕ್ಕದಲ್ಲೇ, ರಂಜಿತ ಕೊಟ್ಟಿದ್ದ ವರದಿ ನೇತಾಡುತ್ತಿತ್ತು. ಕೋಲಾರಕ್ಕೆ ಹೋಗಿ ಲ್ಯಾಮಿನೇಷನ್ ಮಾಡಿಸಿ, ಮೂಲೆಗೆ ತೂತು ಕೊರೆದು, ಕೆಂಪು ದಾರ ಪೋಣಿಸಿ ಮೊಳೆಗೆ ಹಾಕಿದ್ದರು. ಮೇಲೆ ವಿಶ್ವವಿದ್ಯಾಲಯದ ಮುದ್ರೆ, ನಡುವೆ ಏರಿ ಇಳಿಯುವ ಒಂದು ಹಸಿರು ಗೆರೆ, ಕೆಳಗೆ ದಪ್ಪಕ್ಷರದಲ್ಲಿ ‘ನಡಿಗೆ ಸಹಜವಾಗಿದೆ’. ಅದಕ್ಕೆ ಅರಿಶಿನ ಕುಂಕುಮ ಹಚ್ಚುವುದೊಂದು ಬಾಕಿ ಇತ್ತು.

ರಂಜಿತಳಿಗೆ ಮೊದಲು ಖುಷಿಯೇ ಆಯಿತು, ಸುಳ್ಳೇಕೆ ಹೇಳಬೇಕು. ಆರು ವರ್ಷ ಪಿಎಚ್.ಡಿ. ಎಂದು ಒದ್ದಾಡಿದವರಿಗೆ ಒಳ್ಳೆಯ ಮಾತಿನ ಬರ ಎಷ್ಟಿರುತ್ತದೆ ಎಂದು ಒದ್ದಾಡಿದವರಿಗೇ ಗೊತ್ತು. ಮದುವೆ ಮನೆಗಳಲ್ಲಿ ‘ಇನ್ನೂ ಓದ್ತಾನೇ ಇದ್ದೀಯಾ?’ ಎಂದು ಕೇಳಿಸಿಕೊಂಡು ಕೇಳಿಸಿಕೊಂಡು ಅವಳ ಕಿವಿ ದಡ್ಡುಗಟ್ಟಿತ್ತು. ಇಲ್ಲಿ ಒಬ್ಬರು ತನ್ನ ಕೆಲಸವನ್ನು ದೇವರ ಪಕ್ಕದಲ್ಲಿ ಇಟ್ಟಿದ್ದಾರೆ.

ಅವಳ ವಿಷಯ ಬಯೋಮೆಕ್ಯಾನಿಕ್ಸ್. ಮನುಷ್ಯ ನಡೆಯುವಾಗ, ಬಾಗುವಾಗ, ಹೊರುವಾಗ ಯಾವ ಕೀಲಿನ ಮೇಲೆ ಎಷ್ಟು ಭಾರ ಬೀಳುತ್ತದೆ ಎಂದು ಅಳೆಯುವ ವಿದ್ಯೆ. ಓಟಗಾರರ ಮೊಣಕಾಲಿನ ಬಗ್ಗೆ ಬರೆದವರಿಗೆ ಪ್ರಪಂಚದಲ್ಲಿ ಲೆಕ್ಕವಿಲ್ಲ. ಆದರೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ತೋಟದಿಂದ ರೇಷ್ಮೆಹುಳುವಿನ ಮನೆಗೆ ದಿನಕ್ಕೆ ಹತ್ತು ಸಲ ಓಡಾಡುವ ಸುಗಟೂರಿನ ಹೆಂಗಸರ ಮೊಣಕಾಲಿನ ಬಗ್ಗೆ ಯಾವ ಪುಣ್ಯಾತ್ಮನೂ ಒಂದು ಸಾಲು ಬರೆದದ್ದು ಅವಳಿಗೆ ಸಿಕ್ಕಿರಲಿಲ್ಲ. ನಾನೇ ಬರೆಯುತ್ತೇನೆ ಎಂದು ಹಟ ಹಿಡಿದು, ಫಿಸಿಯೋಥೆರಪಿ ಓದಿ ಸಿಕ್ಕಿದ್ದ ಆಸ್ಪತ್ರೆಯ ಕೆಲಸ ಬಿಟ್ಟು ಸಂಶೋಧನೆಗೆ ಸೇರಿದ್ದಳು. ಸುಗಟೂರು ಅವಳ ಸ್ವಂತ ಊರು ಬೇರೆ.

ಕಳೆದ ಶ್ರಾವಣದಲ್ಲಿ ಊರಿನ ಮೂವತ್ತೆರಡು ಹೆಂಗಸರ ಸೊಂಟಕ್ಕೆ, ತೊಡೆಗೆ, ಕಣಕಾಲಿಗೆ ಬೆಂಕಿಪೊಟ್ಟಣದಷ್ಟಿರುವ ಪೆಟ್ಟಿಗೆಗಳನ್ನು ಬೆಲ್ಟಿನಿಂದ ಬಿಗಿದು, ತಲೆಯ ಮೇಲೆ ಇಪ್ಪತ್ತೈದು ಕಿಲೋ ಸೊಪ್ಪು ಹೊರಿಸಿ ನಡೆಸಿದ್ದಳು. ಹೆಜ್ಜೆ ಹೆಜ್ಜೆಗೂ ಮೊಣಕಾಲು ಎಷ್ಟು ಮಡಚಿತು, ಸೊಂಟ ಎಷ್ಟು ವಾಲಿತು ಎಂದು ಆ ಪೆಟ್ಟಿಗೆಗಳು ಲ್ಯಾಪ್‌ಟಾಪಿಗೆ ಕಳಿಸುತ್ತಿದ್ದವು. ಹೆಂಗಸರು ಅವಕ್ಕೆ ‘ತಾಯ್ತ’ ಎಂದು ಹೆಸರಿಟ್ಟು ನಕ್ಕಿದ್ದರು. ಹೋಲಿಸಿ ನೋಡುವುದಕ್ಕೆಂದು ಟೇಕಲ್ ಕಡೆಯಿಂದ, ವ್ಯಾನು ಹತ್ತಿ ಗಾರ್ಮೆಂಟ್ಸಿಗೆ ಹೋಗುವ, ಹೊರೆ ಹೊತ್ತು ಅಭ್ಯಾಸವಿಲ್ಲದ ಅಷ್ಟೇ ವಯಸ್ಸಿನ ಮೂವತ್ತೆರಡು ಹೆಂಗಸರನ್ನು ಬರಿಗೈಯಲ್ಲಿ ನಡೆಸಿದ್ದಳು. ಎರಡನ್ನೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸವೇ ಕಾಣಲಿಲ್ಲ. ಹೊರೆ ಹೊತ್ತ ಸುಗಟೂರು, ಬರಿಗೈಯ ಟೇಕಲ್ಲಿನಷ್ಟೇ ನೆಟ್ಟಗೆ ನಡೆದಿತ್ತು.

ಅವಳ ಗೈಡ್ ಡಾಕ್ಟರ್ ಮುರಳಿಮೋಹನ್ ಕುರ್ಚಿಯಿಂದ ಎದ್ದೇಬಿಟ್ಟಿದ್ದರು. ‘ರೂಢಿಯಾದ ದೇಹಕ್ಕೆ ಹೊರೆ ಹೊರೆಯಲ್ಲ’ ಎಂದು ಒಂದು ಪ್ರಬಂಧವನ್ನೂ ಇಬ್ಬರ ಹೆಸರಿನಲ್ಲಿ ಸಮ್ಮೇಳನವೊಂದಕ್ಕೆ ಕಳಿಸಿ ಆಗಿತ್ತು. ದೀಪಾವಳಿಗೆ ರಂಜಿತ ಮೂವತ್ತೆರಡು ಮನೆಗೂ ವರದಿ ಹಂಚಿದ್ದಳು. ಇನ್ನು ಮೇ ತಿಂಗಳ ಕೊನೆಯೊಳಗೆ ಮಹಾಪ್ರಬಂಧ ಒಪ್ಪಿಸಿದರೆ ಮುಗಿಯಿತು. ಒಪ್ಪಿಗೆ ಪತ್ರದಲ್ಲಿ ಆದಿಲಕ್ಷ್ಮಿಯ ಒಂದು ಸಹಿ ಬಿಟ್ಟುಹೋಗಿತ್ತು. ಸಂಕ್ರಾಂತಿ ಕಳೆದ ಮರುವಾರ ಅದನ್ನು ಹಾಕಿಸಿಕೊಂಡು ಹೋಗಲು ಬಂದಿದ್ದಳು.

ಆದಿಲಕ್ಷ್ಮಿ ಹಿತ್ತಲಿಂದ ಬಂದಳು. ಬಂದಳು ಎನ್ನುವುದು ದೊಡ್ಡ ಮಾತು. ಒಂದು ಕೈಯನ್ನು ಗೋಡೆಗೂ ಇನ್ನೊಂದನ್ನು ತೊಡೆಗೂ ಊರಿಕೊಂಡು, ಬಲಗಾಲನ್ನು ಮಡಚದೆ ಎಳೆಯುತ್ತಾ, ಚಾಪೆಯವರೆಗಿನ ಎಂಟು ಹೆಜ್ಜೆಗೆ ಎರಡು ಸಲ ನಿಂತಳು.

“ಏನಾಯ್ತು ಚಿಕ್ಕಮ್ಮ? ಬಿದ್ರಾ?”

“ಬೀಳೋದೇನ್ ಬಂತಮ್ಮ, ಇದು ಹಳೇದು. ಮೂರ್ನಾಲ್ಕು ವರ್ಷದ್ದು. ಈಗ ಜಾಸ್ತಿ ಆಗೈತೆ.”

“ಡಾಕ್ಟ್ರಿಗೆ ತೋರಿಸಿದ್ರಾ?”

ಉತ್ತರ ಬಂದದ್ದು ಬಾಗಿಲ ಕಡೆಯಿಂದ. ಆದಿಲಕ್ಷ್ಮಿಯ ಮಗ ಕದಿರೇಶ್, ಟೆಂಪೋ ಓಡಿಸುವವನು, ಹೊಸ್ತಿಲಲ್ಲಿ ನಿಂತಿದ್ದ. “ಯಾಕಕ್ಕ ತೋರಿಸ್ಬೇಕು? ನಿಮ್ ಮೆಷೀನೇ ಚೆನ್ನಾಗೈತೆ ಅಂತ ಬರ್ಕೊಟ್ಟೈತಲ್ಲ. ಅಷ್ಟು ದೊಡ್ಡ ಮೆಷೀನು ಸುಳ್ಳು ಹೇಳ್ತದಾ? ಅಮ್ಮಂಗೆ ಕೆಲ್ಸಕ್ಕೆ ಹೋಗೋಕೆ ಮನಸ್ಸಿಲ್ಲ, ಅಷ್ಟೇ.”

ಹುಡುಗ ಕೆಟ್ಟವನಲ್ಲ. ಮುದ್ರೆ ಬಿದ್ದ ಕಾಗದವನ್ನು ನಂಬಿದ್ದ, ಅಷ್ಟೇ. ಟೆಂಪೋದಲ್ಲಿ ಕಾಯುತ್ತಿದ್ದವರು ಹಾರನ್ ಒತ್ತಿದ್ದು ಕೇಳಿ ಅವನು ಹೊರಗೆ ಹೋದ ಮೇಲೆ ರಂಜಿತ ಚಾಪೆಯ ಮೇಲೆ ಕುಕ್ಕರಿಸಿ ಕೂತಳು.

“ಅವತ್ತು ಎಷ್ಟು ಚೆನ್ನಾಗಿ ನಡೆದ್ರಿ ಚಿಕ್ಕಮ್ಮ. ನಾನೇ ಕಣ್ಣಾರೆ ನೋಡಿದ್ನಲ್ಲ!”

ಆದಿಲಕ್ಷ್ಮಿ ಸೆರಗಿನ ಅಂಚು ಸುತ್ತತೊಡಗಿದಳು. ಆಮೇಲೆ, ಇನ್ನೇನು ಮಾಡುವುದು ಎನ್ನುವವಳಂತೆ, “ಅವತ್ತು ಮಾತ್ರೆ ನುಂಗಿದ್ದೆ ಕಣಮ್ಮ, ಎರಡು,” ಎಂದಳು. “ನೋವಿಂದು. ನಿಮ್ಮಮ್ಮನೇ ಕೊಟ್ರಲ್ಲ. ಎಲ್ರಿಗೂ ಕೊಟ್ರು.”

ಎಲ್ಲರಿಗೂ ಎಂದರೆ ಎಷ್ಟು ಜನಕ್ಕೆ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಆದರೂ ರಂಜಿತ ಕೇಳಿದಳು. ಮೂವತ್ತೆರಡು ಜನಕ್ಕೂ, ಎಂದಳು ಆದಿಲಕ್ಷ್ಮಿ.

ರಂಜಿತಳ ತಾಯಿ ಭಾರತಮ್ಮ ಮನೆಯ ಜಗಲಿಯ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅಪ್ಪ ಶ್ರೀರಾಮಪ್ಪ ಕೋಲಾರದ ಮಂಡಿಗೆ ಟೊಮೆಟೊ ಹಾಕಿಕೊಂಡು ಹೋಗಿದ್ದರು. ಅದೇ ಒಳ್ಳೆಯದಾಯಿತು, ಏಕೆಂದರೆ ರಂಜಿತ ಆ ದಿನ ಕೂಗಾಡಿದಂತೆ ಯಾವತ್ತೂ ಕೂಗಾಡಿರಲಿಲ್ಲ.

“ಅಮ್ಮ, ಅವತ್ತು ಎಲ್ರಿಗೂ ಮಾತ್ರೆ ಹಂಚಿದ್ಯಾ?”

“ಹಂಚ್ದೆ,” ಎಂದರು ಭಾರತಮ್ಮ, ಪ್ರಸಾದ ಹಂಚಿದ್ದನ್ನು ಹೇಳುವಷ್ಟು ನಿರಾಳವಾಗಿ. “ಬೆಳಿಗ್ಗೆ ಆರು ಗಂಟೆಗೇ ಎಲ್ಲಾರ ಮನೆಗೂ ಹೋಗಿ ಕೊಟ್ಟೆ. ಹಿಂದಿನ್ ದಿನ ಯಾರೂ ಕೂಲಿಗೆ ಹೋಗ್ಬೇಡಿ, ಮಂಡಿಗೆ ಬಿಸ್ನೀರು ಹಾಕ್ಕೊಳಿ ಅಂತಾನೂ ಹೇಳಿದ್ದೆ. ಯಾಕೆ?”

“ಯಾಕೆ ಅಂತ ನೀನು ಕೇಳ್ತೀಯಾ? ಅವ್ರ ಕಾಲು ನೋಯ್ತದಾ ಇಲ್ವಾ ಅಂತ ನೋಡೋಕೇ ಅಲ್ವಾ ನಾನು ಬಂದಿದ್ದು!”

“ಅಲ್ಲ ಕಣೇ, ನಿಮ್ ಮೇಷ್ಟ್ರು ಕಾರ್ ಮಾಡ್ಕೊಂಡು ಬಂದಿದ್ರು. ಯೂನಿವರ್ಸಿಟಿಯೋರು ಇನ್ನೂ ಇಬ್ರು ಬಂದಿದ್ರು. ನಮ್ ಮನೆ ಹುಡುಗಿ ಕರೆದಿರೋ ಕೆಲ್ಸಕ್ಕೆ ಊರೋರೆಲ್ಲಾ ಕುಂಟ್ಕೊಂಡು ಬರೋದಾ? ನೆಂಟ್ರು ಮುಂದೆ ಮುಲುಕ್ಕೊಂಡು ನಿಂತ್ರೆ ಯಾರಿಗೆ ಅವಮಾನ? ನಿಂಗೇ ಅಲ್ವಾ?”

“ಔಷಧಿ ಏನಾದ್ರೂ ತಗೊಂಡಿದ್ದೀರಾ ಅಂತ ಒಬ್ಬೊಬ್ರನ್ನೂ ಕೇಳಿದ್ದೆ. ಮೂವತ್ತೆರಡು ಜನಾನೂ ಇಲ್ಲ ಅಂದ್ರು!”

“ಮೈಕೈ ನೋವಿನ ಮಾತ್ರೆ ಔಷಧಿ ಹೆಂಗಾಗ್ತದೆ? ಕಾಯ್ಲೆ ಬಂದೋರು ತಗೊಳೋದು ಔಷಧಿ.”

ರಂಜಿತ ಆರು ವರ್ಷ ಓದಿದ ಪುಸ್ತಕಗಳಲ್ಲಿ ಯಂತ್ರದ ತಪ್ಪು, ಲೆಕ್ಕದ ತಪ್ಪು, ಬೆಲ್ಟು ಜಾರಿದ ತಪ್ಪು, ಎಲ್ಲಕ್ಕೂ ಒಂದೊಂದು ಅಧ್ಯಾಯವಿತ್ತು. ಮರ್ಯಾದೆಯಿಂದ ಆಗುವ ತಪ್ಪಿಗೆ ಒಂದು ಪುಟವೂ ಇರಲಿಲ್ಲ. ತಾಯಿಯ ಮೇಲೆ ಬಂದ ಸಿಟ್ಟು ಸ್ವಲ್ಪ ಹೊತ್ತಿಗೆ ತಿರುಗಿ ತನ್ನ ಮೇಲೇ ಬಂತು. ಹುಟ್ಟಿ ಬೆಳೆದ ಊರು ಇದು. ಹೊರಗಿನವರು ಬರುತ್ತಾರೆ ಎಂದರೆ ಸಗಣಿ ಸಾರಿಸಿ, ರಂಗೋಲಿ ಹಾಕಿ, ಮನೆಯಲ್ಲಿ ಜಗಳವಿದ್ದರೂ ನಗುತ್ತಾ ನಿಲ್ಲುವ ಜನ. ಅಂಥವರಿಗೆ ಒಂದು ವಾರ ಮೊದಲೇ ದಿನ ಗೊತ್ತುಮಾಡಿ, ಕಾರಿನಲ್ಲಿ ಮೂವರು ಅತಿಥಿಗಳನ್ನು ಕರೆತಂದು ನಿಲ್ಲಿಸಿದವಳು ತಾನೇ.

“ಎಲ್ಲಾರೂ ಚೆನ್ನಾಗ್ ನಡೆದ್ರಲ್ಲೇ. ನಂಗೆಷ್ಟು ಸಂತೋಷ ಆಗಿತ್ತು ಗೊತ್ತಾ,” ಎಂದರು ಭಾರತಮ್ಮ. ಮಗಳ ಮುಖ ನೋಡಿ ಅವರ ದನಿ ಇಳಿದಿತ್ತು. ರಂಜಿತ ಚೀಲ ಎತ್ತಿಕೊಂಡು ಬಸ್ಸಿಗೆ ಹೋದಳು.

ಡಾಕ್ಟರ್ ಮುರಳಿಮೋಹನ್ ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಮತ್ತೆ ಹಾಕಿಕೊಂಡರು.

“ಮೇ ಮೂವತ್ತೊಂದು ನಿನ್ನ ಕೊನೇ ದಿನ. ಒಂದ್ಸಲ ಅವಧಿ ವಿಸ್ತರಿಸಿ ಆಗಿದೆ, ಇನ್ನೊಂದ್ಸಲ ಕೊಡಲ್ಲ. ಮೀರಿದ್ರೆ ನೋಂದಣಿ ರದ್ದು. ಆರು ವರ್ಷ ಮಣ್ಣುಪಾಲು. ಗೊತ್ತಿದೆಯಲ್ಲ?”

“ಗೊತ್ತಿದೆ ಸರ್.”

“ಮಾತ್ರೆ ವಿಷಯ ಹಾಗೇ ಬರೆದುಬಿಡು. ಇದು ಈ ಅಧ್ಯಯನದ ಒಂದು ಮಿತಿ ಅಂತ ಕೊನೇ ಅಧ್ಯಾಯದಲ್ಲಿ ಒಂದು ಪ್ಯಾರಾ. ಎಲ್ಲಾ ಥೀಸಿಸ್‌ಗೂ ಮಿತಿ ಇರುತ್ತೆ.”

ಇದು ಸುಳ್ಳಿನ ಸಲಹೆಯೂ ಅಲ್ಲ. ಹಾಗೆ ಬರೆದು ಡಾಕ್ಟರ್ ಆದವರು ಬೇಕಾದಷ್ಟು ಜನ ಇದ್ದಾರೆ. ರಂಜಿತ ಬಸ್ಸಿನಲ್ಲಿ ಬರುವಾಗ ತಾನೂ ಅದನ್ನೇ ಯೋಚಿಸಿದ್ದಳು. ಯೋಚಿಸಿದಾಗಲೆಲ್ಲ ಕಣ್ಣ ಮುಂದೆ ಬಂದದ್ದು ಕೆಂಪು ದಾರದಲ್ಲಿ ನೇತಾಡುವ ಆ ಕಾಗದ.

“ಅದು ಮಿತಿ ಅಲ್ಲ ಸರ್. ಹೊರೆ ಹೊತ್ರೆ ಏನೂ ಆಗಲ್ಲ ಅಂತ ನಾವು ಬರೆದಿದ್ದೀವಿ. ಆ ಕಾಗದ ತೋರಿಸಿ ಒಬ್ಬ ಮಗ ಅವರಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿಲ್ಲ. ನಾಳೆ ಇನ್ಯಾರೋ ನಮ್ಮ ಪ್ರಬಂಧ ತೋರಿಸಿ ಇನ್ನೂ ಹತ್ತು ಕಿಲೋ ಹೊರಿಸ್ತಾರೆ. ನಾನು ಮತ್ತೆ ಅಳೀತೀನಿ.”

“ಎಷ್ಟು ಜನರನ್ನ?”

“ಇಪ್ಪತ್ತನಾಲ್ಕು ಜನ ಸಿಕ್ಕಿದ್ರೂ ಲೆಕ್ಕ ನಿಲ್ಲುತ್ತೆ. ಮಾತ್ರೆ ಇಲ್ಲದೆ, ಕೆಲಸದ ಮಧ್ಯದಲ್ಲೇ, ಮಧ್ಯಾಹ್ನದ ಮೇಲೆ. ಯಾರೂ ಕಾರಲ್ಲಿ ಬರಬಾರದು, ನೀವೂ.”

ಮುರಳಿಮೋಹನ್ ಬಹಳ ಹೊತ್ತು ಗೊಣಗಿದರು. ಸಮ್ಮೇಳನದಿಂದ ಪ್ರಬಂಧ ವಾಪಸು ತೆಗೆದುಕೊಳ್ಳಬೇಕು, ಅದರಲ್ಲಿ ತಮ್ಮ ಹೆಸರೂ ಇದೆ, ನೀತಿ ಸಮಿತಿಗೆ ಹೊಸದಾಗಿ ಪತ್ರ ಬರೆಯಬೇಕು, ಯಂತ್ರಕ್ಕೆ ಬೇರೆ ವಿದ್ಯಾರ್ಥಿಗಳು ಸಾಲಿನಲ್ಲಿದ್ದಾರೆ. ಗೊಣಗುತ್ತಲೇ ಪತ್ರಕ್ಕೆ ಸಹಿ ಹಾಕಿದರು. “ಎಂಟು ದಿನ ಯಂತ್ರ ಕೊಡ್ತೀನಿ. ಒಂಬತ್ತನೇ ದಿನ ಕೇಳಬೇಡ,” ಎಂದರು.

ಎಂಟು ದಿನ ಎನ್ನುವುದು ಅವಳೇ ಕೇಳಿದ ಲೆಕ್ಕ. ರೇಷ್ಮೆಹುಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಕಳಚುವ ನಿದ್ದೆಯಿಂದ, ಎದ್ದ ಮೇಲೆ ಗೂಡು ಕಟ್ಟುವವರೆಗೆ ಒಂದೇ ಸಮ ಮೇಯುತ್ತದೆ. ಊರಿನ ಹೆಂಗಸರಿಗೆ ಹೊರೆಯ ಮೇಲೆ ಹೊರೆ ಬೀಳುವುದು ಆ ಏಳೆಂಟು ದಿನಗಳಲ್ಲೇ. ಸಮಿತಿಯ ಒಪ್ಪಿಗೆ ಬಂದು, ಮೇ ತಿಂಗಳಿಗೆ ಮೊದಲು, ಊರಿನ ಬಹುಪಾಲು ಮನೆಗಳಲ್ಲಿ ಒಟ್ಟಿಗೆ ಹುಳು ಮೇಯುವ ಬೆಳೆ ಒಂದೇ ಒಂದು ಉಳಿದಿತ್ತು. ಅದು ಮಾರ್ಚಿಯಲ್ಲಿ. ಅದು ತಪ್ಪಿದರೆ ಡಿಗ್ರಿಯೂ ತಪ್ಪಿತು.

ಅದಕ್ಕೆ ಮೊದಲು ಮಾಡಬೇಕಾದ ಎರಡು ಕೆಲಸಗಳಿದ್ದವು. ಮೊದಲನೆಯದಕ್ಕೆ ಕದಿರೇಶನ ಟೆಂಪೋವನ್ನೇ ಹತ್ತಿಸಿ ಆದಿಲಕ್ಷ್ಮಿಯನ್ನು ಕೋಲಾರದ ಆಸ್ಪತ್ರೆಗೆ ಕರೆದೊಯ್ದಳು. ಎಕ್ಸ್‌ರೇ ನೋಡಿದ ಡಾಕ್ಟರು, ಮೂಳೆಗೆ ಮೂಳೆ ಉಜ್ಜುತ್ತಿದೆ, ಇನ್ನು ಹೊರೆ ಹೊರುವಂತಿಲ್ಲ ಎಂದರು. ಕದಿರೇಶ್ ಊರು ಬಂದ ಮೇಲೆ, “ಹಂಗಾದ್ರೆ ಆ ಕಾಗ್ದ ಏನಕ್ಕ?” ಎಂದು ಕೇಳಿದ.

“ತಪ್ಪು ಕಾಗ್ದ ಕಣೋ. ನನ್ ತಪ್ಪು,” ಎಂದಳು ರಂಜಿತ. ಹಾಗೆ ಹೇಳುವಾಗ ಅವಳಿಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು.

ಎರಡನೆಯದು ಇನ್ನೂ ಕಷ್ಟದ್ದು. ಮೂವತ್ತೆರಡು ಮನೆಗೂ ಹೋಗಿ ವರದಿಯನ್ನು ವಾಪಸು ಇಸಿದುಕೊಳ್ಳುವುದು. ಕೊಡುವಾಗ ಕಾಫಿ ಕೊಟ್ಟವರೇ ಕಿತ್ತುಕೊಳ್ಳುವಾಗ ಮುಖ ಸಿಂಡರಿಸಿದರು. ಒಬ್ಬಾಕೆ ಕಾಗದವನ್ನು ಶ್ರೀನಿವಾಸಪುರಕ್ಕೆ ಕೊಟ್ಟ ಮಗಳ ಅತ್ತೆಮನೆಯವರಿಗೆ ತೋರಿಸಲು ಕಳಿಸಿಬಿಟ್ಟಿದ್ದಳು. ಇನ್ನೊಬ್ಬಾಕೆ ರೇಷನ್ ಕಾರ್ಡಿನ ಜೊತೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಳು. ಹೊರೆ ಹೊರುವವರ ಗುಂಪಿಗೆಲ್ಲ ಹಿರಿಯಳಾದ ದೊಡ್ಡಮುನಿಯಮ್ಮ, ಐವತ್ತನಾಲ್ಕು ವರ್ಷದ ಗಟ್ಟಿ ಹೆಂಗಸು, ಕಾಗದವನ್ನೇನೋ ಕೊಟ್ಟಳು. ಕೊಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಏಮ್ಮಾ ರಂಜಿತಾ, ಹೋದ್ ಸಲ ನೆಟ್ಟಗೆ ನಡೆದಿದ್ದು ತಪ್ಪಾ? ಈ ಸಲ ಕುಂಟ್ಕೊಂಡು ನಡೀಬೇಕಾ?”

“ಕುಂಟಿ ಅಂತ ಹೇಳ್ತಿಲ್ಲ ದೊಡ್ಡಮ್ಮ. ದಿನಾ ಹೆಂಗ್ ನಡೀತೀರೋ ಹಂಗೇ. ಮಾತ್ರೆ ನುಂಗ್ಬೇಡಿ ಅಷ್ಟೇ. ಎರಡು ದಿನ.”

“ಕುಂಟೋದು ಊರಿಗೆಲ್ಲಾ ಗೊತ್ತಾದ್ರೆ ನಾಳೆ ನನ್ನ ಕೂಲಿಗೆ ಯಾರು ಕರೀತಾರೆ? ನೀನು ಕರೀತೀಯಾ?”

“ಹೆಸ್ರು ಎಲ್ಲೂ ಬರಲ್ಲ. ಬರೀ ನಂಬರು.”

“ಹೆಸ್ರು ನೀನು ಬರೀದಿದ್ರೆ ಆಯ್ತಾ? ತೋಟದಲ್ಲಿರೋರಿಗೆ ಕಣ್ಣಿಲ್ವಾ?”

ರಂಜಿತ ಆದರೂ ಬಿಡಲಿಲ್ಲ. ಫೆಬ್ರವರಿ ಪೂರ್ತಿ ವಾರಕ್ಕೆ ಮೂರು ದಿನ ಬಂದು ಹೆಂಗಸರ ಜೊತೆ ತೋಟದಲ್ಲಿ ಸೊಪ್ಪಿನ ಕಡ್ಡಿ ಕತ್ತರಿಸಿದಳು. ಎಕ್ಸ್‌ರೇ ಫಿಲಂ ತಂದು ಮರದ ಕೆಳಗೆ ಬಿಸಿಲಿಗೆ ಹಿಡಿದು ತೋರಿಸಿದಳು. ಸೊಪ್ಪು ಸಾಗಿಸಲು ಒಂದು ಕೈಗಾಡಿ ಬೇಕು, ಹೊರೆ ಇಷ್ಟೇ ತೂಕ ಇರಬೇಕು ಎಂದು ರೇಷ್ಮೆ ಇಲಾಖೆಯ ಮುಂದೆ ಹೋಗಿ ಕೇಳುವುದಕ್ಕೆ ಕೈಯಲ್ಲಿ ನಿಜದ ಲೆಕ್ಕ ಬೇಕಲ್ಲ ಎಂದು ಬಾಯಿ ನೋಯುವಷ್ಟು ಹೇಳಿದಳು. ಹೆಂಗಸರು ಎಲ್ಲದಕ್ಕೂ ಹೂಂ ಎಂದರು. ನಮ್ಮ ಕಡೆ ಹೂಂ ಎಂದರೆ ಕೇಳಿಸಿತು ಎಂದಷ್ಟೇ ಅರ್ಥ, ಒಪ್ಪಿದೆವು ಎಂದಲ್ಲ.

ಮಾರ್ಚಿ ಬಂತು, ಹುಳು ಜ್ವರದಿಂದ ಎದ್ದಿತು. ರಂಜಿತ ತೋಟದ ಬದುವಿನ ಹೊಂಗೆಮರದ ಕೆಳಗೆ ಲ್ಯಾಪ್‌ಟಾಪು, ಬೆಲ್ಟು, ತೂಕದ ತಕ್ಕಡಿ ಇಟ್ಟುಕೊಂಡು ಕೂತಳು. ಅಲ್ಲಿಂದ ಹುಳುಮನೆಯವರೆಗೆ ಕಾಲುದಾರಿಯಲ್ಲಿ ಸುಣ್ಣದ ಗೆರೆ ಹಾಕಿದ್ದಳು. ಮೊದಲನೆಯ ದಿನ ಯಾರೂ ಬರಲಿಲ್ಲ. ಎಲ್ಲರೂ ಹೊರೆ ಹೊತ್ತು ಅವಳ ಮುಂದೆಯೇ ಹೋದರು, “ನಾಳೆ ಕಣಮ್ಮ,” ಎಂದರು. ಎರಡನೆಯ ದಿನ ಇಬ್ಬರು ಬಂದರು. ಮಾತ್ರೆ ನುಂಗಿದ್ದೀರಾ ಎಂದು ನೇರವಾಗಿ ಕೇಳಿದಾಗ ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ಅವರನ್ನು ವಾಪಸು ಕಳಿಸಿದಳು. ಮೂರನೆಯ ದಿನ ಮತ್ತೆ ಯಾರೂ ಇಲ್ಲ. ಅತಿಥಿಗಳಿಲ್ಲದಿದ್ದರೂ ಅವರಿಗೆ ಅವರೇ ಇದ್ದರಲ್ಲ, ಒಬ್ಬರ ಮುಂದೆ ಒಬ್ಬರು ಕುಂಟುವುದಕ್ಕೆ ಯಾರೂ ತಯಾರಿರಲಿಲ್ಲ.

ಆ ಸಂಜೆ ಭಾರತಮ್ಮ ಊಟಕ್ಕೆ ಬಡಿಸುತ್ತಾ ಕೇಳಿದರು, “ಎಷ್ಟು ಜನ ಆದ್ರು?”

“ಸೊನ್ನೆ.”

“ಇನ್ನೆಷ್ಟು ದಿನ?”

“ಐದು.”

ಜನವರಿಯಿಂದ ತಾಯಿ ಮಗಳ ನಡುವೆ ಮಾತು ಅಷ್ಟಕ್ಕಷ್ಟೇ ಆಗಿತ್ತು. ಭಾರತಮ್ಮ ಇನ್ನೊಂದು ಸೌಟು ಸಾರು ಹಾಕಿ, “ನಾಳೆ ಯಾವ ತೋಟ?” ಎಂದಷ್ಟೇ ಕೇಳಿ ಒಳಗೆ ಹೋದರು.

ನಾಲ್ಕನೆಯ ದಿನ ಮಧ್ಯಾಹ್ನ ಮೂರು ಗಂಟೆ. ತೋಟದಲ್ಲಿ ಹದಿನೈದು ಇಪ್ಪತ್ತು ಹೆಂಗಸರು ಕಡ್ಡಿ ಕೊಯ್ದು ಕಂತೆ ಕಟ್ಟುತ್ತಿದ್ದರು. ಆದಿಲಕ್ಷ್ಮಿ ಕೆಲಸವಿಲ್ಲದೆ ಮನೆಯಲ್ಲಿ ಕೂರಲಾರದೆ ಬಂದು ಬದುವಿನ ಮೇಲೆ ಕೂತಿದ್ದಳು. ಭಾರತಮ್ಮ ಕುಡುಗೋಲನ್ನು ನೆಲಕ್ಕಿಟ್ಟು ಹೊಂಗೆಮರದ ಹತ್ತಿರ ಬಂದರು.

“ನಂಗೆ ಕಟ್ಟು ನಿನ್ ತಾಯ್ತ.”

“ಅಮ್ಮ, ನಿಂದು ಲೆಕ್ಕಕ್ಕೆ ಬರಲ್ಲ. ಮನೆಯೋರ್ದು ತಗೋಬಾರ್ದು ಅಂತ ನಿಯಮ ಇದೆ. ಹೋದ್ ಸಲಾನೂ ಹೇಳಿದ್ನಲ್ಲ.”

“ಲೆಕ್ಕಕ್ಕೆ ಬೇಡ. ಕಟ್ಟು.” ಆಮೇಲೆ ತಿರುಗಿ, ತೋಟಕ್ಕೆಲ್ಲ ಕೇಳಿಸುವಂತೆ, “ಲೇ, ಎಲ್ಲಾರೂ ಇಲ್ ನೋಡ್ರೇ!” ಎಂದು ಕೂಗಿದರು.

ಊರಿನಲ್ಲಿ ಹೊರೆ ಎಂದರೆ ಭಾರತಮ್ಮ. ಸ್ವಂತ ತೋಟದ ಸೊಪ್ಪು ಹೊತ್ತು, ಮುಯ್ಯಿಗೆ ಬೇರೆಯವರ ತೋಟದ್ದೂ ಹೊರುವವರು. ಮೂವತ್ತು ಕಿಲೋ ಹೊತ್ತು ನಡೆಯುತ್ತಾ ಹಿಂದಿನವರ ಜೊತೆ ಜಗಳ ಆಡುವವರು. ಹೆಂಗಸರು ಕೊಯ್ಯುವುದು ನಿಲ್ಲಿಸಿದರು. ದೊಡ್ಡಮುನಿಯಮ್ಮ ಕಂತೆ ಎತ್ತಿ ಕೊಟ್ಟಳು. ಭಾರತಮ್ಮ ಸಿಂಬಿ ಸರಿಮಾಡಿಕೊಂಡು ಹೊರೆಯನ್ನು ತಲೆಗೆ ಏರಿಸಿಕೊಂಡರು. “ಮೊನ್ನೆಯಿಂದ ಮಾತ್ರೆ ಮುಟ್ಟಿಲ್ಲ,” ಎಂದರು. ನಡೆದರು.

ಮೊದಲ ನಾಲ್ಕು ಹೆಜ್ಜೆಗೇ ರಂಜಿತಳಿಗೆ ಗೊತ್ತಾಯಿತು. ಪರದೆ ನೋಡುವ ಅಗತ್ಯವೇ ಬೀಳಲಿಲ್ಲ. ಎಡಗಾಲು ನೆಲಕ್ಕೆ ಬಿದ್ದಾಗಲೆಲ್ಲ ದೇಹ ಪೂರ್ತಿ ಅದೇ ಕಡೆಗೆ ವಾಲುತ್ತಿತ್ತು. ಹಿಮ್ಮಡಿ ಊರುತ್ತಲೇ ಇರಲಿಲ್ಲ, ಮುಂಗಾಲಿನಲ್ಲಿ ಮುಟ್ಟಿ ಮುಟ್ಟಿ ಎತ್ತುತ್ತಿದ್ದರು. ಮಂಡಿ ಮಡಚಬೇಕಾದ ಜಾಗದಲ್ಲಿ ಮಡಚದೆ ಸೊಂಟವೇ ಕಾಲನ್ನು ಎತ್ತಿ ಎಸೆಯುತ್ತಿತ್ತು. ಪುಸ್ತಕದಲ್ಲಿ ಇಂಥ ನಡಿಗೆಯ ಚಿತ್ರವನ್ನು ಅವಳು ನೂರು ಸಲ ನೋಡಿದ್ದಳು. ವಿದ್ಯಾರ್ಥಿಗಳಿಗೆ ಪಾಠವನ್ನೂ ಮಾಡಿದ್ದಳು. ಹತ್ತು ವರ್ಷದ ಸವೆತವಿಲ್ಲದೆ ಮೊಣಕಾಲು ಹೀಗಾಗುವುದಿಲ್ಲ.

ಅರ್ಧ ದಾರಿಯಲ್ಲಿ ಭಾರತಮ್ಮ ನಿಂತರು. ಹೊರೆ ಅಲುಗಾಡಿತು. ಕತ್ತಿನ ನರ ಬಿಗಿದುಕೊಂಡಿತ್ತು, ಕಣ್ಣಲ್ಲಿ ನೀರು ತುಂಬಿ ಕೆನ್ನೆಗೆ ಇಳಿಯಿತು. ರಂಜಿತ ಎದ್ದು ಓಡಿದಳು.

“ಕೂತ್ಕೋ ಅಲ್ಲೇ!” ಭಾರತಮ್ಮ ಗದರಿದರು. “ಯಾರೂ ಮುಟ್ಬಾರ್ದು ಅಂತ ನೀನೇ ಹೇಳಿದ್ದಲ್ವಾ?”

ರಂಜಿತ ನಿಂತಲ್ಲೇ ನಿಂತಳು. ಜೀವನದಲ್ಲಿ ಅವಳು ಮಾಡಿದ ಅತಿ ಕಷ್ಟದ ಕೆಲಸ ಅದೇ, ಹಾಗೆ ಸುಮ್ಮನೆ ನಿಲ್ಲುವುದು. ಭಾರತಮ್ಮ ಮತ್ತೆ ಹೊರಟರು. ಒಂದೊಂದು ಹೆಜ್ಜೆಗೂ ಬಾಯಿಂದ ಸಣ್ಣ ದನಿ ಹೊರಡುತ್ತಿತ್ತು, ಅದನ್ನು ಅವರು ನುಂಗಿಕೊಳ್ಳಲೂ ಇಲ್ಲ. ಊರವರೆಲ್ಲ ನೋಡುತ್ತಿದ್ದಂತೆ ಕೊನೆಯ ಗೆರೆ ದಾಟಿ, ದೊಡ್ಡಮುನಿಯಮ್ಮ ಬಂದು ಹೊರೆ ಇಳಿಸಿದ ಮೇಲೆ, ಅವಳ ಹೆಗಲು ಹಿಡಿದು ಮರದ ಹತ್ತಿರ ವಾಪಸು ಬಂದು ಬದುವಿನ ಮೇಲೆ ಕುಸಿದು ಕೂತರು.

ದೊಡ್ಡಮುನಿಯಮ್ಮನೇ ಮೊದಲು ಬಾಯಿಬಿಟ್ಟಳು.

“ಏನೇ ಭಾರತಿ. ನಿಂಗೂನಾ?”

“ನಂಗೂ ಕಣೇ. ದಿನಾ ಬೆಳಿಗ್ಗೆ ಎರಡು ನುಂಗಿ ಮನೆ ಬಿಡ್ತಿದ್ದೆ. ನಿಮ್ಗೆ ಹಂಚಿದ್ದು ಅದೇ ಮಾತ್ರೆ.”

ಆದಿಲಕ್ಷ್ಮಿ ಬದುವಿನಿಂದಲೇ, “ನಾನೊಬ್ಳೇ ಅನ್ಕೊಂಡಿದ್ದೆ,” ಎಂದಳು. ಅದಕ್ಕೆ ಇನ್ನೊಬ್ಬಾಕೆ ನಾನೂ ಹಾಗೇ ಅಂದುಕೊಂಡಿದ್ದೆ ಎಂದಳು. ಹೀಗೆ ಮಾತು ತೋಟದ ಆ ತುದಿಯವರೆಗೂ ಹೋಯಿತು. ಯಾರಿಗೆ ಬಲಮಂಡಿ, ಯಾರಿಗೆ ಸೊಂಟ, ಯಾರಿಗೆ ಕತ್ತು, ಇಷ್ಟು ವರ್ಷ ಒಂದೇ ದಾರಿಯಲ್ಲಿ ಹಿಂದೆ ಮುಂದೆ ನಡೆದವರು ಅವತ್ತು ಮೊದಲ ಸಲ ಹೇಳಿಕೊಂಡರು. ದೊಡ್ಡಮುನಿಯಮ್ಮ ಅಷ್ಟಕ್ಕೆಲ್ಲ ಕಾಯಲಿಲ್ಲ. ಹೊಂಗೆಮರದ ಕೆಳಗೆ ಬಂದು ಸೀರೆಯನ್ನು ಮಂಡಿಯವರೆಗೆ ಎತ್ತಿ ನಿಂತಳು.

“ನಾನು ನಿನ್ನೆಯಿಂದ ನುಂಗಿಲ್ಲ. ಇನ್ನೊಂದು ದಿನ ಬೇಕಾ?”

“ನಾಳೆ ಮಧ್ಯಾಹ್ನ ಹೊರೆ ಹೊತ್ತು ನಡೀರಿ ದೊಡ್ಡಮ್ಮ. ಇವತ್ತು ಬರೀ ಕಾಲು ನೋಡಿ ಬರ್ಕೊಂತೀನಿ.”

ಅವಳ ಹಿಂದೆ ಇನ್ನೊಬ್ಬಾಕೆ ಬಂದು ನಿಂತಳು, ಅವಳ ಹಿಂದೆ ಇನ್ನೂ ಇಬ್ಬರು. ಕುಡುಗೋಲುಗಳು ಬದುವಿನ ಮೇಲೆ ಒಂದೊಂದಾಗಿ ಸೇರಿದವು. ರಂಜಿತ ಅಳತೆಯ ಪಟ್ಟಿ ಹಿಡಿದು ದೊಡ್ಡಮುನಿಯಮ್ಮನ ಮುಂದೆ ಮಂಡಿಯೂರಿದಳು. ಮೊಣಕಾಲಿನ ಮೂಳೆ ಯಾವುದು ಎಂದು ಕೈಗೆ ಗೊತ್ತಿತ್ತು, ಆದರೆ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಪಕ್ಕದಲ್ಲೇ ಬದುವಿನ ಮೇಲೆ ಕಾಲು ಚಾಚಿ ಕೂತಿದ್ದ ತಾಯಿಯ ಕಡೆಗೆ ತಿರುಗಿದಳು.

“ಯಾವಾಗಿಂದ ಅಮ್ಮ?”

“ನೀನು ಕೋಲಾರಕ್ಕೆ ಕಾಲೇಜಿಗೆ ಸೇರಿದ್ಯಲ್ಲ, ಆಗಿಂದ.”

“ಊರೋರ ಕಾಲೆಲ್ಲಾ ನೋಡ್ದೆ. ನಿಂದು ಒಂದ್ಸಲಾನೂ ಕಾಣ್ಲಿಲ್ವಲ್ಲಮ್ಮ.”

“ಹೆಂಗ್ ಕಾಣ್ತದೆ? ನೀನು ಬಸ್ಸಿಳಿದು ಬರ್ತಿದ್ದಂಗೆ ನಾನು ಕೂತ್ಬಿಡ್ತಿದ್ದೆ,” ಎಂದರು ಭಾರತಮ್ಮ. ಮಗಳ ಕೆನ್ನೆಯನ್ನು ಮಣ್ಣು ಮೆತ್ತಿದ ಕೈಯಿಂದಲೇ ಒರೆಸಿದರು. “ಅಳೋದಿದ್ರೆ ಸಂಜೆ ಮನೇಲಿ ಅಳು. ಈಗ ಮುನಿಯಮ್ಮನ ಕಾಲು ನೋಡು.”

ರಂಜಿತ ನೋಡಿದಳು.